ಪೋಕರ್‌ನ ‘ಸ್ಟ್ರೇಟ್ ಡ್ರಾ’: ಎಲೆಗೆ ಕಾಯುವುದೋ, ಬೆನ್ನಟ್ಟುವುದೋ?

ಗೆಳೆಯರೇ,

ಪೋಕರ್‌ನಲ್ಲಿ ‘ಸ್ಟ್ರೇಟ್ ಡ್ರಾ ಚೇಸ್ ಮಾಡೋದು’ ಅಂತಾರಲ್ಲ, ಅದಕ್ಕೆ ಕನ್ನಡದಲ್ಲಿ ಒಂದು ಮಾತು ಬೇಕಾಗಿದೆ. ಲಂಡನ್‌ನಲ್ಲಿರುವ ನನ್ನ ತಂಗಿ ಮಗ ಅಲ್ಲಿ ಸಣ್ಣ ಪಣದ ಆನ್‌ಲೈನ್ ಟೇಬಲ್‌ಗಳಲ್ಲಿ ಆಡುತ್ತಾನೆ. ಅವನಿಗೂ, ಮೈಸೂರಿನಲ್ಲಿ ನಮ್ಮ ಜೊತೆ ರಮ್ಮಿ ಆಡುವವರಿಗೂ ಅರ್ಥವಾಗುವ ಹಾಗೆ ಈ ಲೆಕ್ಕ ಬರೆಯುತ್ತಿದ್ದೇನೆ. ನಮ್ಮ ದೇಶದಲ್ಲಿ ಕಾಸಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ಹಾಗಾಗಿ ಇಲ್ಲಿನವರು ಪುಕ್ಕಟೆ ಚಿಪ್ಸ್‌ನಲ್ಲೇ (ಕಾಸಿನ ಬದಲು ಇಡುವ ಬಿಲ್ಲೆ) ಆಡಿ ನೋಡಬೇಕು.

ಐದು ಎಲೆ ಸಾಲಾಗಿ ಬಂದರೆ ಸ್ಟ್ರೇಟ್. ಇಸ್ಪೇಟು, ಆಟೀನು ಬೆರೆತಿದ್ದರೂ ಸರಿ. ನಾಲ್ಕು ಸೇರಿ ಇನ್ನೊಂದು ಬರಬೇಕಿದ್ದರೆ ಅದು ಡ್ರಾ. ನಮ್ಮ ಕೈಯಲ್ಲಿ 8, 9 ಇದೆ ಅನ್ನಿ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಹಾಗೆ ಬಿಚ್ಚಿದ ಮೂರು ಎಲೆ 10, ಗುಲಾಮ, 2. ಈ ಕಡೆ 7 ಬಂದರೂ ಆ ಕಡೆ ರಾಣಿ ಬಂದರೂ ಸಾಲು ಆಯಿತು. ಅಂದರೆ 8 ಎಲೆ ನಮಗೆ ಆಗುತ್ತವೆ. ಇದು ಓಪನ್ ಎಂಡೆಡ್. ಅದೇ 8, 9, ಗುಲಾಮ, ರಾಣಿ ಇದ್ದರೆ 10 ಮಾತ್ರ ಆಗಬೇಕು, 4 ಎಲೆ ಅಷ್ಟೇ. ಇದು ಗಟ್‌ಶಾಟ್. ನಾನು ‘ಎರಡು ತುದಿಯ ಸಾಲು’, ‘ನಡು ಬಿಟ್ಟ ಸಾಲು’ ಎಂದು ಬರೆದಿದ್ದೇನೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಆಗುವುದಿಲ್ಲ. ಮುಂದಿನ ಒಂದೇ ಎಲೆಯಲ್ಲಿ ಸಾಲು ಕೂಡುವ ಸಾಧ್ಯತೆ ಮೊದಲನೆಯದಕ್ಕೆ ಶೇ. 17, ಎರಡನೆಯದಕ್ಕೆ ಶೇ. 8.5.

ನನಗೆ ಜಾಸ್ತಿ ತೊಡಕಾಗಿರುವುದು ‘ಚೇಸ್’. ರಮ್ಮಿಯಲ್ಲಿ ನಾವು ‘ಏಳಕ್ಕೆ ಕಾಯ್ತಾ ಇದೀನಿ’ ಅಂತೀವಿ. ಚೆನ್ನಾದ ಮಾತು. ಆದರೆ ರಮ್ಮಿಯಲ್ಲಿ ಪ್ರತಿ ಎಲೆಗೂ ಮತ್ತೆ ಕಾಸು ಹಾಕಬೇಕಿಲ್ಲ. ಪೋಕರ್‌ನಲ್ಲಿ ಎದುರಿನವರು ಪಣ ಕಟ್ಟಿದರೆ, ನಾವೂ ಅಷ್ಟು ಕೊಟ್ಟರೇ ಮುಂದಿನ ಎಲೆ ನೋಡಲು ಸಿಗುವುದು. ಪಾಟ್‌ನಲ್ಲಿ (ನಡುವೆ ಕೂಡಿದ ಒಟ್ಟು ಪಣದಲ್ಲಿ) 100 ಚಿಪ್ಸ್ ಇದೆ, ಎದುರಿನವರು 50 ಹಾಕಿದರು. 150 ಗೆಲ್ಲಲು ನಾವು 50 ಕೊಡಬೇಕು. ನಾಲ್ಕರಲ್ಲಿ ಒಂದು ಸಲವಾದರೂ ಗೆಲ್ಲಬೇಕು, ಅಂದರೆ ಶೇ. 25. ನಮ್ಮ ಹತ್ತಿರ ಇರುವುದು 17. ಅವರು 20 ಮಾತ್ರ ಹಾಕಿದ್ದರೆ ಶೇ. 14ರಷ್ಟು ಸಾಕಿತ್ತು, ಧಾರಾಳವಾಗಿ ನೋಡಬಹುದಿತ್ತು. ನಡು ಬಿಟ್ಟ ಸಾಲಿಗೆ ಆ 20 ಕೂಡ ದುಬಾರಿ.

ಈ ಬೆಲೆ ‘ಕಾಯು’ ಅನ್ನುವುದರಲ್ಲಿ ಕಾಣುವುದಿಲ್ಲ. ‘ಬೆನ್ನಟ್ಟು’ ಅಂದರೆ ಲೆಕ್ಕ ಹಾಕಿ ಮುಂದುವರಿದವರೂ ಸುಮ್ನೆ ಆಸೆಗೆ ಬಿದ್ದವರ ಹಾಗೆ ಕೇಳುತ್ತದೆ. ಸದ್ಯಕ್ಕೆ ‘ಕಾಸು ಕೊಟ್ಟು ಕಾಯುವುದು’ ಎಂದು ಬರೆದಿದ್ದೇನೆ. ಉದ್ದವಾಯಿತು, ಅಲ್ವಾ?

ಇನ್ನೊಂದು ಮಾತೂ ಬೇಕು. ಎಲೆ ಬಂದ ಮೇಲೆ ಎದುರಿನವರಿಂದ ಇನ್ನೂ ಎಷ್ಟು ಬರಬಹುದು ಎಂಬ ಅಂದಾಜಿಗೆ. ಮೇಲಿನ 50ರ ಲೆಕ್ಕದಲ್ಲಿ, ಎರಡು ತುದಿಯ ಸಾಲು ಕೂಡಿದಾಗ ಸರಾಸರಿ ಇನ್ನೊಂದು 94 ಚಿಪ್ಸ್ ಬಂದರೆ ಕೊಟ್ಟದ್ದು ವಸೂಲಾಗುತ್ತದೆ. ನಡು ಬಿಟ್ಟ ಸಾಲಿಗೆ ಸುಮಾರು 388 ಬರಬೇಕು. ಸಣ್ಣ ಪಣದ ಟೇಬಲ್‌ನಲ್ಲಿ ಜನ ಸುಲಭಕ್ಕೆ ಎಲೆ ಕೆಳಗಿಡುವುದಿಲ್ಲ. ಆದ್ದರಿಂದ ಆ 94 ಬರುವ ಆಸೆ ಇಟ್ಟುಕೊಳ್ಳಬಹುದು, ಎದುರಿನವರ ಮುಂದೆ ಅಷ್ಟು ಚಿಪ್ಸ್ ಉಳಿದಿದ್ದರೆ. 388 ಬಹಳ ಅಪರೂಪ. ಅದೇ ಕಾರಣಕ್ಕೆ ಪಣ ಏರಿಸಿ ಹೆದರಿಸುವ ಉಪಾಯವೂ ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಈ ಅಂದಾಜಿಗೆ ‘ಮುಂಬರುವ ಗಳಿಕೆ’ ಎಂದರೆ ಬ್ಯಾಂಕಿನ ಮಾತಿನ ಹಾಗಿದೆ, ನನಗೆ ಒಪ್ಪಿಗೆಯಿಲ್ಲ.

‘ಎರಡು ತುದಿ’ ಎನ್ನುವುದರಲ್ಲೂ ಒಂದು ಎಚ್ಚರ ಬೇಕು. ಎರಡು ತುದಿಗೂ ಒಂದೇ ತೂಕವಿಲ್ಲ. ಮೇಲೆ ಹೇಳಿದ 8, 9, 10, ಗುಲಾಮಕ್ಕೆ 7 ಬಂದರೆ ಆ ಹೊತ್ತಿಗೆ ಅದಕ್ಕಿಂತ ದೊಡ್ಡ ಸಾಲು ಯಾರಿಗೂ ಇರುವುದಿಲ್ಲ. ರಾಣಿ ಬಂದರೆ, ರಾಜ ಮತ್ತು ಎಕ್ಕ ಇಟ್ಟುಕೊಂಡವರು ನಮ್ಮನ್ನು ಹೊಡೆಯುತ್ತಾರೆ. ಒಂದೇ ಜಾತಿಯ ಎರಡು ಎಲೆ ಮೇಜಿನ ಮೇಲೆ ಬಿದ್ದಿದ್ದರೂ 8 ಎಂದು ಎಣಿಸಿದ್ದು 6ಕ್ಕೆ ಇಳಿಯುತ್ತದೆ, ಏಕೆಂದರೆ ಅದೇ ಜಾತಿಯ 7 ಅಥವಾ ರಾಣಿ ಬಂದರೆ ಬೇರೆಯವರಿಗೆ ಐದೂ ಒಂದೇ ಜಾತಿಯಾಗಿ ನಮ್ಮ ಸಾಲನ್ನು ಹೊಡೆಯಬಹುದು.

ಮಂಡ್ಯ, ಮದ್ದೂರು ಕಡೆ ಇಸ್ಪೀಟು ಆಡುವವರು ಸಾಲಿನ ನಡುವೆ ಒಂದೆಲೆ ಬೇಕಾದಾಗ ಏನೆನ್ನುತ್ತೀರಿ? ಮೈಸೂರಿನ ಗಂಜೀಫಾ ಬಲ್ಲವರು ಇದ್ದರೆ ಆ ಆಟದ ಮಾತುಗಳನ್ನೂ ತಿಳಿಸಿ. ನಮಗೆ ‘ಆಗುವ ಎಲೆ’ಗಳನ್ನು ಒಟ್ಟಾಗಿ ಹೇಳುವ ಒಂದೇ ಪದ ಸಿಕ್ಕಿದರೂ ನನ್ನ ಅರ್ಧ ಕೆಲಸ ಮುಗಿಯುತ್ತದೆ.