ಕಾರಾ ಕೋಶದ ವೋಲ್ಟೇಜ್ ಒಂದೂವರೆ ಗಂಟೆಯಲ್ಲಿ ಕುಸಿದು ಕೂರುತ್ತದೆ, ತಲೆ ಕೆಟ್ಟು ಹೋಗಿದೆ

ಪಾಚಿಪ್ರಿಯ:
ಮೂರು ವಾರದಿಂದ ಇದೇ ಗೋಳು. ಪೊರೆಯ ವೋಲ್ಟೇಜ್ ಅಳೆಯಲು ಕಾರಾ ಪಾಚಿಯ ಉದ್ದನೆ ಕೋಶಕ್ಕೆ ಉಪ್ಪುನೀರು ತುಂಬಿದ ಗಾಜಿನ ಸೂಜಿ ಚುಚ್ಚುತ್ತೇನೆ. ಶುರುವಿನಲ್ಲಿ ಮೈನಸ್ 168 ಮಿಲಿವೋಲ್ಟ್, ಚೆನ್ನಾಗೇ ಇರುತ್ತದೆ. ಹತ್ತು ನಿಮಿಷಕ್ಕೆ ಮೈನಸ್ 142, ಅರ್ಧ ಗಂಟೆಗೆ ಮೈನಸ್ 118, ಒಂದೂವರೆ ಗಂಟೆ ಹೊತ್ತಿಗೆ ಮೈನಸ್ 93ಕ್ಕೆ ಬಂದು ಕೂತುಬಿಡುತ್ತದೆ. ಆಮೇಲೆ ಶಾಕ್ ಕೊಟ್ಟರೆ ಆಕ್ಷನ್ ಪೊಟೆನ್ಶಿಯಲ್ (ವೋಲ್ಟೇಜ್ ಒಮ್ಮೆಲೇ ಜಿಗಿದು ಮರಳುವುದು) ಕೂಡ ಬರುವುದಿಲ್ಲ. ಐದು ಕೋಶದಲ್ಲೂ ಹೀಗೇ ಆಯಿತು. ಸೂಜಿ ಹೊಸದು, ದ್ರಾವಣ ಹೊಸದು, ಸೆಟಪ್ ಎಲ್ಲರದೂ ಇರುವ ಹಾಗೆಯೇ. ಯಾರಿಗಾದರೂ ಹೀಗೆ ಆಗಿದೆಯಾ?

ಬೆಳ್ಳಿತಂತಿ:
ಸೂಜಿಯೊಳಗಿನ ಬೆಳ್ಳಿ ತಂತಿಯ ಕ್ಲೋರೈಡ್ ಲೇಪ ಕಿತ್ತು ಬಂದಿದೆ, ನೂರಕ್ಕೆ ನೂರು. ಬ್ಲೀಚಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ, ಬೂದು ಬಣ್ಣ ಸಮವಾಗಿ ಬರಬೇಕು. ನನಗೆ ಹೀಗೇ ಆಗಿತ್ತು.

ಹಳೇಸ್ಕೋಪ್:
ಯಾವ ಮೀಟರಿನಲ್ಲಿ ಓದುತ್ತಿದ್ದೀರಿ ಅಂತ ಹೇಳಿಯೇ ಇಲ್ಲವಲ್ಲ. ಸಾಮಾನ್ಯ ಮಲ್ಟಿಮೀಟರ್ ಆದರೆ ಅದರ ಒಳತಡೆ 10 ಮೆಗಾಓಮ್. ನಿಮ್ಮ ಸೂಜಿಯದೂ ಅಷ್ಟೇ ಇದ್ದರೆ ಓದು ಅರ್ಧಕ್ಕೆ ಅರ್ಧ. 168ರ ಅರ್ಧ 84. ಅನುಮಾನವೇ ಬೇಡ.

ಪಾಚಿಪ್ರಿಯ:
ಅಯ್ಯೋ, ಮಲ್ಟಿಮೀಟರ್ ಅಲ್ಲ ಸಾರ್. ಎಲೆಕ್ಟ್ರೋಮೀಟರ್ ಆಂಪ್ಲಿಫೈಯರ್, ಒಳತಡೆ ಗಿಗಾಓಮ್‌ಗಳಲ್ಲಿದೆ. ಅದು ಗೊತ್ತೇ ಇರುತ್ತದೆ ಅಂದುಕೊಂಡೆ. ತಂತಿಯನ್ನು ನಿನ್ನೆ ರಾತ್ರಿ ಬ್ಲೀಚಿನಲ್ಲಿ ಇಟ್ಟು ಮತ್ತೆ ನೋಡಿದೆ. ಅದೇ ಕಥೆ.

ಗಾಜುಸೂಜಿ:
ಮೀಟರಿನ ದೋಷ ಆಗಿದ್ದರೆ ಮೊದಲ ನಿಮಿಷದಿಂದಲೇ ಅರ್ಧ ತೋರಿಸಬೇಕಿತ್ತು, ಹೀಗೆ ನಿಧಾನಕ್ಕೆ ಇಳಿಯುತ್ತಿರಲಿಲ್ಲ. ಸ್ವಲ್ಪ ವಿವರ ಕೊಡಿ. ದ್ರಾವಣದಲ್ಲಿ ಏನೇನು ಎಷ್ಟೆಷ್ಟಿದೆ? ಕ್ಯಾಲ್ಸಿಯಂ ಹಾಕಿದ್ದೀರಾ? ಅದಿಲ್ಲದಿದ್ದರೆ ಪೊರೆ ಸೋರುತ್ತದೆ. ಬೆಳಕು ಇದೆಯಾ ಕತ್ತಲೆಯಾ? ಸೂಜಿ ಹೊರಗೆ ತೆಗೆದಾಗ ಸೊನ್ನೆ ಎಲ್ಲಿ ಬರುತ್ತದೆ?

ಬೆಳ್ಳಿತಂತಿ:
ಬ್ಲೀಚ್ ಹಳೆಯದಾಗಿದ್ದರೆ ಕೆಲಸ ಮಾಡುವುದಿಲ್ಲ. ಹೊಸ ಬಾಟಲಿ ತನ್ನಿ. ಇಲ್ಲವೇ ಕರೆಂಟ್ ಹರಿಸಿ ಲೇಪ ಕೊಡಿ.

ನಿಟೆಲ್ಲಾವಾದಿ:
ಅದು ಕಾರಾ ಅನ್ನುವುದು ಖಾತ್ರಿಯಾ? ಕಾರಾದ ಎಷ್ಟೋ ಜಾತಿಗಳಲ್ಲಿ ದೊಡ್ಡ ಕೋಶದ ಮೇಲೆ ಸಣ್ಣ ಕೋಶಗಳ ಹೊದಿಕೆ ಇರುತ್ತದೆ. ಅದರ ಹತ್ತಿರದ ಸಂಬಂಧಿ ಪಾಚಿ ನಿಟೆಲ್ಲಾಗೆ ಅದಿಲ್ಲ. ಹೊದಿಕೆಗೆ ಸೂಜಿ ಚುಚ್ಚಿದ್ದರೆ ನೀವು ಅಳೆದದ್ದು ಯಾವ ಕೋಶವನ್ನು ಅಂತ ದೇವರಿಗೇ ಗೊತ್ತು.

ಹಳೇಸ್ಕೋಪ್:
ಹೊದಿಕೆ ಇಲ್ಲದ ಕಾರಾನೂ ಇದೆ ಮಾರಾಯ್ರೆ. ಕಾರಾ ಆಸ್ಟ್ರಾಲಿಸ್, ಇದನ್ನೇ ಬಹಳ ಕಾಲ ಕೊರಾಲಿನಾ ಅಂತ ಕರೆಯುತ್ತಿದ್ದರು. ಈ ಕೆಲಸಕ್ಕೆ ಜಾಸ್ತಿ ಬಳಸುವುದೇ ಅದನ್ನು.

ನಿಟೆಲ್ಲಾವಾದಿ:
ಇದೆ, ಇಲ್ಲ ಅಂದವರು ಯಾರು? ಖಾತ್ರಿಯಾ ಅಂತ ಕೇಳಿದೆ, ಅಷ್ಟೇ. ಇನ್ನೊಂದು ವಿಷಯ, ಸೂಜಿಯ ತುದಿ ನಡುವಿನ ದೊಡ್ಡ ರಸಕೋಶಕ್ಕೆ ಹೋಗಿರುತ್ತದೆ. ಹಾಗಾಗಿ ನೀವು ಓದುತ್ತಿರುವುದು ಕೋಶದ ಹೊರಪೊರೆ ಮತ್ತು ರಸಕೋಶದ ಒಳಪೊರೆ ಎರಡರ ವೋಲ್ಟೇಜಿನ ಮೊತ್ತ. ಇದನ್ನು ಯಾರೂ ಹೇಳುವುದೇ ಇಲ್ಲ.

ಹಳೇಸ್ಕೋಪ್:
ಒಳಪೊರೆಯ ಪಾಲು ಹತ್ತಿಪ್ಪತ್ತು ಮಿಲಿವೋಲ್ಟ್. ಇವರಿಗೆ ಎಪ್ಪತ್ತೈದು ಕಾಣೆಯಾಗಿದೆ.

ಪಾಚಿಪ್ರಿಯ:
ಹೊದಿಕೆ ಇಲ್ಲ, ಬರಿಯ ಕೋಶ. ಉದ್ದ 5 ಸೆಂಟಿಮೀಟರ್, ದಪ್ಪ ಸುಮಾರು 1 ಮಿಲಿಮೀಟರ್. ದ್ರಾವಣದಲ್ಲಿ ಸೋಡಿಯಂ ಕ್ಲೋರೈಡ್ 1, ಪೊಟ್ಯಾಸಿಯಂ ಕ್ಲೋರೈಡ್ 0.1, ಕ್ಯಾಲ್ಸಿಯಂ ಕ್ಲೋರೈಡ್ 0.5, ಎಲ್ಲಾ ಮಿಲಿಮೋಲಾರ್. ಬೆಳಕು ಉದ್ದಕ್ಕೂ ಒಂದೇ ಸಮ. ಸೂಜಿ ಹೊರಗೆ ತೆಗೆದರೆ ಸೊನ್ನೆಯಿಂದ 2 ಮಿಲಿವೋಲ್ಟ್ ಆಚೀಚೆ, ಅಷ್ಟೇ. ಚುಚ್ಚಿದ ತಕ್ಷಣ ಒಂದು ಆಕ್ಷನ್ ಪೊಟೆನ್ಶಿಯಲ್ ಹೊಡೆಯುತ್ತದೆ, ಅದು ಇಳಿದು ಕೋಶ ಸುಧಾರಿಸಿಕೊಳ್ಳಲಿ ಅಂತ ಕಾದು ಆಮೇಲೆ ಬರೆದುಕೊಳ್ಳುತ್ತೇನೆ. ಕರೆಂಟ್ ಪಲ್ಸ್ ಕೊಟ್ಟು ನೋಡಿದರೆ ಪೊರೆಯ ತಡೆಯೂ ಮೊದಲಿಗಿಂತ ತುಂಬ ಕಮ್ಮಿಯಾಗಿರುತ್ತದೆ.

ಬೆಳ್ಳಿತಂತಿ:
ತಡೆ ಕಮ್ಮಿ ಆಗಿದೆ ಅಂದರೆ ಸೂಜಿ ಹೊಕ್ಕ ಜಾಗದಲ್ಲಿ ಸೋರುತ್ತಿದೆ. ಲೇಪದ ಜೊತೆಗೆ ಇದೂ ಇದೆ ಅನ್ನಿಸುತ್ತದೆ. ಅಥವಾ ಸೂಜಿಯೊಳಗಿನ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಕೋಶದೊಳಗೆ ಇಳಿದು ಎಲ್ಲಾ ಕೆಡಿಸಿದೆ.

ಗಾಜುಸೂಜಿ:
ಈ ಕೋಶದ ಗಾತ್ರ ಸುಮಾರು 39 ಮೈಕ್ರೋಲೀಟರ್. ಒಳಗೆ ಆಗಲೇ 110 ಮಿಲಿಮೋಲಾರ್ ಆಸುಪಾಸು ಪೊಟ್ಯಾಸಿಯಂ ತುಂಬಿರುತ್ತದೆ. ಅಷ್ಟು ಚೂಪು ತುದಿಯಿಂದ ಒಂದೂವರೆ ಗಂಟೆಯಲ್ಲಿ ಎಷ್ಟು ತಾನೇ ಇಳಿದೀತು? ಕೊಳಕ್ಕೆ ಒಂದು ಚಿಟಿಕೆ ಉಪ್ಪು ಹಾಕಿದ ಹಾಗೆ.

ಪಾಚಿಪ್ರಿಯ ಅವರೇ, ಎರಡೇ ಪ್ರಶ್ನೆ. ಒಂದೂವರೆ ಗಂಟೆ ಆದಮೇಲೂ ಕೋಶದೊಳಗಿನ ಹರಿವು ನಡೆಯುತ್ತಿದೆಯಾ? ಇನ್ನೊಂದು, ರೆಫರೆನ್ಸ್ ಎಲೆಕ್ಟ್ರೋಡ್, ಅಂದರೆ ಹೊರಗಿನ ದ್ರಾವಣವನ್ನು ಮುಟ್ಟುವ ಇನ್ನೊಂದು ತುದಿ, ಎಂಥದ್ದು, ಎಲ್ಲಿ ಇಟ್ಟಿದ್ದೀರಿ? ಇದರ ಬಗ್ಗೆ ಇಲ್ಲಿಯ ತನಕ ನೀವೂ ಹೇಳಿಲ್ಲ, ಯಾರೂ ಕೇಳಿಲ್ಲ.

ಪಾಚಿಪ್ರಿಯ:
ಹರಿವು ಚೆನ್ನಾಗಿದೆ, ಸೂಕ್ಷ್ಮದರ್ಶಕದಲ್ಲಿ ಕಣಗಳು ಓಡುವುದು ಕಾಣುತ್ತದೆ. ರೆಫರೆನ್ಸ್ ಮಾಮೂಲಿಯದೇ, ಅಗಾರ್ ಹಾಕಿದ ಸಣ್ಣ ಕೊಳವೆ, ಒಳಗೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್. ಅದೇ ತಟ್ಟೆಯಲ್ಲಿ, ಕೋಶದ ಪಕ್ಕ. ತಟ್ಟೆಯಲ್ಲಿ 8 ಮಿಲಿಲೀಟರ್ ದ್ರಾವಣ. ನೀರು ಹರಿಸುವ ವ್ಯವಸ್ಥೆ ಇಲ್ಲ, ಕೋಶ ಅಲುಗಾಡುತ್ತದೆ ಅಂತ ತೆಗೆದುಬಿಟ್ಟೆ.

ಗಾಜುಸೂಜಿ:
ಸಿಕ್ಕಿತು. ನಿಮ್ಮ ಕೋಶ ಕೆಟ್ಟಿಲ್ಲ, ತಟ್ಟೆಯ ನೀರು ಕೆಟ್ಟಿದೆ.

ಲೆಕ್ಕ ಹಾಕಿ. ಹೊರಗೆ 0.1, ಒಳಗೆ 110 ಅಂದರೆ ನರ್ನ್‌ಸ್ಟ್ ಸೂತ್ರದಲ್ಲಿ ಪೊಟ್ಯಾಸಿಯಂ ಸಮತೋಲನ (ಒಳಹೊರಗಿನ ಸಾಂದ್ರತೆಯ ವ್ಯತ್ಯಾಸಕ್ಕೆ ತಕ್ಕ ವೋಲ್ಟೇಜ್) ಸುಮಾರು ಮೈನಸ್ 176. ಹೊರಗೆ 1 ಮಿಲಿಮೋಲಾರ್ ಆದರೆ ಮೈನಸ್ 118. 3 ಆದರೆ ಮೈನಸ್ 91. ನೀವು ಬರೆದ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಹೊರಗಿನ ಪೊಟ್ಯಾಸಿಯಂ ಹತ್ತು ಪಟ್ಟಾದರೆ 58 ಮಿಲಿವೋಲ್ಟ್ ಇಳಿಕೆ, ಅದಕ್ಕೇ ಮೊದಲು ದಡದಡ ಇಳಿದು ಆಮೇಲೆ ಕೂತ ಹಾಗೆ ಕಾಣುತ್ತದೆ. ಪೊರೆಯಲ್ಲಿ ಪ್ರೋಟಾನುಗಳನ್ನು ಹೊರಗೆ ತಳ್ಳುವ ಪ್ರೋಟಾನ್ ಪಂಪಿನ ಕೈವಾಡವೂ ಇರುತ್ತದೆ, ಅಕ್ಷರಶಃ ಹೊಂದಬೇಕಿಲ್ಲ, ಆದರೂ ಇಷ್ಟು ಹತ್ತಿರ ಬಂದಿದೆ. ಸೂಜಿಯ ಸುತ್ತ ಸೋರಿಕೆ ಆಗಿದ್ದರೆ ಸೊನ್ನೆಯ ಕಡೆ ಜಾರುತ್ತಾ ಹೋಗುತ್ತಿತ್ತು, ಹೀಗೆ ನಿಲ್ಲುತ್ತಿರಲಿಲ್ಲ.

8 ಮಿಲಿಲೀಟರನ್ನು 3 ಮಿಲಿಮೋಲಾರ್‌ಗೆ ತರಲು ಆ ಕೊಳವೆಯಿಂದ 8 ಮೈಕ್ರೋಲೀಟರ್ ಸೋರಿದರೆ ಸಾಕು. ಒಂದು ಪೂರ್ತಿ ಹನಿಯೂ ಬೇಡ! ತಡೆ ಇಳಿದದ್ದೂ ಅದಕ್ಕೇ. ಹೊರಗೆ ಪೊಟ್ಯಾಸಿಯಂ ಏರಿ ವೋಲ್ಟೇಜ್ ಇಳಿದಾಗ ಪೊರೆಯ ಪೊಟ್ಯಾಸಿಯಂ ಚಾನೆಲ್‌ಗಳು ತೆರೆದುಕೊಳ್ಳುತ್ತವೆ. ನೀವು ಕೊಟ್ಟ ಶಾಕ್ ಅವುಗಳಲ್ಲೇ ಸೋರಿ ಹೋಗುತ್ತದೆ, ಇನ್ನು ಆಕ್ಷನ್ ಪೊಟೆನ್ಶಿಯಲ್ ಎಲ್ಲಿಂದ ಬರಬೇಕು?

ಪರೀಕ್ಷೆ ಸುಲಭ. ಸೂಜಿ ತೆಗೆಯಬೇಡಿ. ಅಗಾರ್ ಕೊಳವೆ ಎತ್ತಿ, ದ್ರಾವಣ ಎರಡು ಮೂರು ಸಲ ಬದಲಿಸಿ, ಕೊಳವೆ ಮತ್ತೆ ಇಟ್ಟು ತಕ್ಷಣ ಓದಿ.

ಬೆಳ್ಳಿತಂತಿ:
3 ಮೋಲಾರ್ ಎಲ್ಲರೂ ಬಳಸುತ್ತಾರೆ. ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಓಡುತ್ತವೆ, ಅದಕ್ಕೇ ಎರಡು ದ್ರಾವಣ ಕೂಡುವ ಸಂಧಿಯಲ್ಲಿ ವೋಲ್ಟೇಜ್ ಹುಟ್ಟುವುದಿಲ್ಲ. ಬೇರೆ ಏನು ಹಾಕಿದರೂ ತಪ್ಪು ಓದು ಬರುತ್ತದೆ.

ಗಾಜುಸೂಜಿ:
ಎಲ್ಲರೂ ನೀರು ಹರಿಸುತ್ತಾ ಬಳಸುತ್ತಾರೆ ಸಾರ್, ಕೊಳವೆಯನ್ನು ನೀರು ಹೊರಹೋಗುವ ಕಡೆ ಇಟ್ಟು. ನಿಂತ ನೀರಿನಲ್ಲಿ, ಅದೂ ಕೋಶದ ಪಕ್ಕದಲ್ಲಿ ಅಲ್ಲ. 0.1 ಮಿಲಿಮೋಲಾರ್ ನೀರಿಗೆ ಮೂವತ್ತು ಸಾವಿರ ಪಟ್ಟು ಗಟ್ಟಿ ಉಪ್ಪುನೀರು ಇಳಿಬಿಟ್ಟರೆ ಇನ್ನೇನಾಗುತ್ತದೆ?

ಹಳೇಸ್ಕೋಪ್:
ಅಂದಹಾಗೆ ಕೋಶ ಅಲುಗಾಡುತ್ತದೆ ಅಂದಿರಲ್ಲ, ನನ್ನದು ಗ್ರಾನೈಟ್ ಚಪ್ಪಡಿ, ಕೆಳಗೆ ಅರೆಬರೆ ಗಾಳಿ ತುಂಬಿದ ಸೈಕಲ್ ಟ್ಯೂಬ್ ನಾಲ್ಕು. ಪಕ್ಕದಲ್ಲಿ ಯಾರಾದರೂ ಕುಣಿದರೂ ಸೂಜಿ ಕದಲುವುದಿಲ್ಲ. ಸುತ್ತ ತಾಮ್ರದ ಜಾಲರಿ. ಕೋಲ್ ಮತ್ತು ಕರ್ಟಿಸ್ 1938ರಲ್ಲಿ ನಿಟೆಲ್ಲಾದ ತಡೆ ಆಕ್ಷನ್ ಪೊಟೆನ್ಶಿಯಲ್ ಹೊತ್ತಲ್ಲಿ ಇಳಿಯುವುದನ್ನು ಅಳೆದರಲ್ಲ, ಸ್ಕ್ವಿಡ್ ನರಕ್ಕಿಂತ ಒಂದು ವರ್ಷ ಮೊದಲೇ, ಅದನ್ನು ನಾನು ಈ ಮೇಜಿನ ಮೇಲೆ ಮಾಡಿ ನೋಡಿದ್ದೇನೆ. ಫೋಟೋ ಹಾಕುತ್ತೇನೆ.

ನಿಟೆಲ್ಲಾವಾದಿ:
ನಿಟೆಲ್ಲಾ. ಅದನ್ನೇ ನಾನೂ ಹೇಳುತ್ತಿದ್ದದ್ದು.

ಪಾಚಿಪ್ರಿಯ:
ಈಗಷ್ಟೇ ಮಾಡಿ ನೋಡಿದೆ. ಮೈನಸ್ 94 ಇತ್ತು. ದ್ರಾವಣ ಮೂರು ಸಲ ಬದಲಿಸಿದೆ, ಆರೇಳು ನಿಮಿಷದಲ್ಲಿ ಮೈನಸ್ 159! ಶಾಕ್ ಕೊಟ್ಟೆ, ಆಕ್ಷನ್ ಪೊಟೆನ್ಶಿಯಲ್ ಬಂತು, ಹರಿವೂ ಗಕ್ಕನೆ ನಿಂತು ಮತ್ತೆ ಶುರುವಾಯಿತು. ಐದು ಕೋಶಗಳನ್ನು ಸುಮ್ನೆ ಎಸೆದುಬಿಟ್ಟೆನಲ್ಲ.

ಈಗ ಕೊಳವೆಯಲ್ಲಿ 3 ಮೋಲಾರ್ ಬದಲು 100 ಮಿಲಿಮೋಲಾರ್ ತುಂಬಿದರೆ ಸಾಕಾ, ಅಥವಾ ನೀರು ಹರಿಸಲೇಬೇಕಾ?

ಗಾಜುಸೂಜಿ:
ಎರಡೂ ಮಾಡಿ. ಹನಿಹನಿಯಾಗಿ ಹರಿಸಿದರೆ ಕೋಶ ಅಲುಗಾಡುವುದಿಲ್ಲ. ಸಂಧಿ ವೋಲ್ಟೇಜ್ ಸ್ವಲ್ಪ ಹೆಚ್ಚಾದೀತು, ಆದರೆ ಓದಿನ ಉದ್ದಕ್ಕೂ ಒಂದೇ ಇರುತ್ತದೆ, ಲೆಕ್ಕದಲ್ಲಿ ಕಳೆದರಾಯಿತು.

ಬೆಳ್ಳಿತಂತಿ:
ಆದರೂ ಒಮ್ಮೆ ಹೊಸ ಬ್ಲೀಚಿನಲ್ಲಿ ಇಟ್ಟು ನೋಡಿ.