ಮಸ್ಕದೆ ವೈನ್ ಜೊತೆ ಊಟಕ್ಕೆ ಏನು ಮಾಡಲಿ?

ಪ್ರಶ್ನೆ: ಫ್ರಾನ್ಸಿನ ನಾಂತ್ ಊರಿಗೆ ಹೊಸದಾಗಿ ಬಂದಿದ್ದೇವೆ. ಭಾನುವಾರ ನಮ್ಮೆಜಮಾನರ ಆಫೀಸಿನವರು ಊಟಕ್ಕೆ ಬರುತ್ತಾರೆ. ಇಲ್ಲಿಯದೇ ಬಿಳಿ ವೈನ್ ಮಸ್ಕದೆ ಇಡೋಣ ಅಂತಿದ್ದೇನೆ. ಜೊತೆಗೆ ಏನು ಮಾಡಲಿ? ಒಬ್ಬರು ಮೀನು, ಮಾಂಸ ತಿನ್ನುವುದಿಲ್ಲ. ಗೊತ್ತಿರುವವರು ಹೇಳಿ.

ಉತ್ತರ 1: ಒಳ್ಳೆ ಆಯ್ಕೆ ಮೇಡಂ. ನಾನೂ ಇದೇ ಊರಲ್ಲಿದ್ದೇನೆ. ಮಸ್ಕದೆಯಲ್ಲಿ ಸಿಹಿ ಇರುವುದಿಲ್ಲ, ಹುಳಿ ಚುರುಕು, ಆಲ್ಕೋಹಾಲ್ ಶೇ. 12ರ ಆಸುಪಾಸು. ನಿಂಬೆಹಣ್ಣು ಹಿಂಡಿದರೆ ಯಾವುದು ರುಚಿಯಾಗುತ್ತದೋ ಅದಕ್ಕೆಲ್ಲ ಇದು ಸರಿಹೋಗುತ್ತದೆ. ಲುವಾರ್ ನದಿ ಸಮುದ್ರ ಸೇರುವ ಕಡೆಯ ವೈನ್ ಅಲ್ವಾ, ಇಲ್ಲಿನವರು ಮೀನು, ಚಿಪ್ಪಿನ ಜೊತೆಗೇ ಕುಡಿಯುತ್ತಾರೆ.

ಕೊಳ್ಳುವಾಗ ಬಾಟಲಿ ಮೇಲೆ 'ಸ್ಯುರ್ ಲೀ' ಅಂತ ಇದೆಯಾ ನೋಡಿ. ಅಂದರೆ ಚಳಿಗಾಲವೆಲ್ಲ ತಳದ ಯೀಸ್ಟ್ ಗಸಿಯ ಮೇಲೇ ಬಿಟ್ಟು, ಅಲ್ಲಿಂದ ನೇರವಾಗಿ ಬಾಟಲಿಗೆ ತುಂಬಿದ್ದು. ಹುಳಿ ಸ್ವಲ್ಪ ಮೆತ್ತಗಾಗುತ್ತದೆ, ಬ್ರೆಡ್ಡಿನ ಪರಿಮಳ ಬರುತ್ತದೆ. ನನಗಂತೂ ಅದೇ ಇಷ್ಟ.

ಅಡುಗೆಗೆ ಮೂಲ್ ಅನ್ನುವ ಚಿಪ್ಪುಮೀನು ಮಾಡಿ. ನಮ್ಮ ಕರಾವಳಿಯಲ್ಲಿ ಪಚ್ಚಿಲೆ ಅನ್ನುತ್ತೇವಲ್ಲ, ಅದೇ ಜಾತಿಯದು. ಚೆನ್ನಾಗಿ ತೊಳೆದು ನಾರು ಕಿತ್ತುಹಾಕಿ. ದೊಡ್ಡ ಪಾತ್ರೆಯಲ್ಲಿ ಬೆಣ್ಣೆ ಹಾಕಿ, ಸಣ್ಣ ಈರುಳ್ಳಿ ಬಾಡಿಸಿ, ಒಂದು ಲೋಟ ಮಸ್ಕದೆ ಸುರಿಯಿರಿ. ಕುದಿ ಬಂದಾಗ ಚಿಪ್ಪು ಹಾಕಿ ಮುಚ್ಚಿ. ಜೋರು ಉರಿಯಲ್ಲಿ ಐದು ನಿಮಿಷದೊಳಗೆ ಬಾಯಿ ಬಿಡುತ್ತವೆ. ಬಿಡದಿದ್ದವನ್ನು ಎಸೆಯಿರಿ. ಮೇಲೆ ಪಾರ್ಸ್ಲಿ ಉದುರಿಸಿ. ಉಪ್ಪು ಹಾಕುವ ಮುಂಚೆ ರಸದ ರುಚಿ ನೋಡಿ, ಚಿಪ್ಪಿನ ನೀರೇ ಉಪ್ಪಾಗಿರುತ್ತದೆ. ಆ ರಸಕ್ಕೆ ಬ್ರೆಡ್ ಬೇಕೇ ಬೇಕು.

ಉತ್ತರ 2: ಮೂಲ್ ತೊಳೆದು ಬೇಯಿಸುವುದು ಕಷ್ಟ ಅನಿಸಿದರೆ ಹಸಿಯಾಗೇ ತಿನ್ನುವ ಆಯ್ಸ್ಟರ್ ಚಿಪ್ಪು ತನ್ನಿ, ಅಂಗಡಿಯವರೇ ತೆರೆದುಕೊಡುತ್ತಾರಾ ಕೇಳಿ. ರೈ ಬ್ರೆಡ್, ಉಪ್ಪು ಹಾಕಿದ ಬೆಣ್ಣೆ, ಅಷ್ಟೇ. ಎಲ್ಲರೂ ಈರುಳ್ಳಿ ಹಾಕಿದ ವಿನೆಗರ್ ಇಡುತ್ತಾರೆ, ನಾನು ಬೇಡ ಅನ್ನುತ್ತೇನೆ. ವಿನೆಗರ್ ಮುಂದೆ ವೈನಿನ ರುಚಿ ನಿಲ್ಲುವುದಿಲ್ಲ.

ಉತ್ತರ 3: ಮೀನು ತಿನ್ನದವರನ್ನು ಮರೆಯಬೇಡಿ! ಮೇಕೆ ಹಾಲಿನ ಚೀಸನ್ನು ಬ್ರೆಡ್ ಮೇಲಿಟ್ಟು ಬಿಸಿ ಮಾಡಿ, ಸಲಾಡಿಗೆ ಹಾಕುವ ಮಾಶ್ ಸೊಪ್ಪಿನ ಜೊತೆ ಕೊಡಿ. ನಾಂತ್ ಸುತ್ತ ಆ ಸೊಪ್ಪು ಹೇರಳವಾಗಿ ಬೆಳೆಯುತ್ತಾರೆ. ಚೀಸಿನ ಹುಳಿಗೂ ವೈನಿನ ಹುಳಿಗೂ ಚೆನ್ನಾಗಿ ಹೊಂದುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಕಡೆಯ ಕೋಳಿ ಸಾರೂ ಮಾಡಬಹುದಾ?

ಉತ್ತರ 1: ಈ ವೈನ್ ಜೊತೆ ಬೇಡ. ಖಾರ, ಗರಂ ಮಸಾಲೆ ಇದ್ದರೆ ಇಂಥ ತೆಳು ವೈನ್ ಬರೀ ಹುಳಿನೀರು ಅನಿಸುತ್ತದೆ. ಸಾರು ಬೇರೆ ದಿನ ಮಾಡಿ. ನಮ್ಮ ರುಚಿ ಬೇಕೇ ಬೇಕು ಅಂದರೆ ಮೀನಿಗೆ ಉಪ್ಪು, ಅರಿಶಿನ, ನಿಂಬೆರಸ ಸವರಿ ರವೆಯಲ್ಲಿ ಹೊರಳಿಸಿ ಹುರಿಯಿರಿ. ಮೆಣಸಿನ ಪುಡಿ ಚಿಟಿಕೆಯಷ್ಟೇ.

ಉತ್ತರ 4: ಸ್ವಲ್ಪ ಜಾಸ್ತಿ ಖರ್ಚು ಮಾಡಬಹುದಾದರೆ ಕ್ಲಿಸ್ಸೋಂ ಅಥವಾ ಗೋರ್ಜ್ ಹೆಸರಿರುವ ಮಸ್ಕದೆ ತನ್ನಿ. 2011ರಲ್ಲಿ ಈ ಊರುಗಳ ವೈನಿಗೆ ಪ್ರತ್ಯೇಕ ಮಾನ್ಯತೆ ಸಿಕ್ಕಿತು. ಗಸಿಯ ಮೇಲೆ ತುಂಬಾ ದಿನ ಇಟ್ಟಿರುತ್ತಾರೆ, ಮೈಕಟ್ಟು ದಪ್ಪ. ಅದಕ್ಕೆ ಬೆಣ್ಣೆ ಸಾಸ್ ಹಾಕಿದ ಮೀನು ಸರಿ. ಬರ್ ಬ್ಲಾಂ ಈ ಸೀಮೆಯದೇ ಸಾಸ್: ಈರುಳ್ಳಿಯನ್ನು ವೈನ್, ವಿನೆಗರ್‌ನಲ್ಲಿ ಬತ್ತಿಸಿ, ಸಣ್ಣ ಉರಿಯಲ್ಲಿ ತಣ್ಣನೆ ಬೆಣ್ಣೆಯನ್ನು ಚೂರು ಚೂರೇ ಹಾಕಿ ಕಡೆಯುತ್ತಾ ಹೋಗಬೇಕು. ಕುದಿಸಿದರೆ ಒಡೆಯುತ್ತದೆ.

ಉತ್ತರ 2: ಇನ್ನೊಂದು, ವೈನನ್ನು ಫ್ರಿಜ್ಜಿನಿಂದ ಹದಿನೈದು ನಿಮಿಷ ಮುಂಚೆ ಹೊರಗಿಡಿ. 10 ಡಿಗ್ರಿ ಹತ್ತಿರ ಇದ್ದರೆ ಪರಿಮಳ ಗೊತ್ತಾಗುತ್ತದೆ.