ಚಿಕ್ಕಪ್ಪನವರ ಇಚ್ಛೆಯನ್ನು ಈಗಲೇ ಕೇಳಿಕೊಳ್ಳೋಣ

ತಂಗೀ, ಚಿಕ್ಕಪ್ಪನವರು ಗಟ್ಟಿಮುಟ್ಟಾಗಿರುವಾಗ ಅವರ ಕೊನೆಗಾಲದ ಮಾತನ್ನು ಎತ್ತಿದರೆ ಅಪಶಕುನವಾಗುವುದಿಲ್ಲವೇ ಎಂದು ನಿನ್ನೆ ನೀನು ಗುಂಪಿನಲ್ಲಿ ಕೇಳಿದ್ದೆ. ರಾತ್ರಿಯೆಲ್ಲ ಅದೇ ಯೋಚನೆಯಾಯಿತು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ.

ನಮ್ಮ ಅಮ್ಮ ತೀವ್ರ ನಿಗಾ ಘಟಕದಲ್ಲಿದ್ದಾಗ ವೆಂಟಿಲೇಟರ್ ಹಾಕಬೇಕೇ ಎಂದು ವೈದ್ಯರು ಕೇಳಿದರು. ಅವಳಿಗೆ ಏನು ಬೇಕೆಂಬುದನ್ನು ಎಂದೂ ವಿಚಾರಿಸದ ನಾವು ಮೂವರು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಹಾಕಿ ಎಂದೆವು. ಗಂಟಲಿಗೆ ಕೊಳವೆ ಇಳಿದ ಮೇಲೆ ಮಾತು ಹೊರಡುವುದಿಲ್ಲ. ಅದನ್ನು ಕಿತ್ತುಕೊಳ್ಳದಿರಲೆಂದು ಅವಳ ಕೈಗಳನ್ನು ಬಟ್ಟೆಯ ಪಟ್ಟಿಯಿಂದ ಮಂಚಕ್ಕೆ ಕಟ್ಟಿದ್ದರು. ಮಂಪರು ಸ್ವಲ್ಪ ತಿಳಿಯಾದಾಗ ಅವಳು ನನ್ನ ಅಂಗೈಮೇಲೆ ಬೆರಳಿನಿಂದ ಏನೋ ಬರೆದಳು. ಮೊದಲ ಅಕ್ಷರ ‘ಮ’ ಎಂದು ತಿಳಿಯಿತು, ಮುಂದಿನದು ತಿಳಿಯಲಿಲ್ಲ. ಮನೆ ಎಂದಳೋ, ಮಗ ಎಂದಳೋ, ಇಂದಿಗೂ ನನಗೆ ಗೊತ್ತಿಲ್ಲ.

ಆದ್ದರಿಂದ ಚಿಕ್ಕಪ್ಪನವರನ್ನು ಈಗಲೇ ಕೇಳೋಣ, ಆದರೆ ಅವರ ಮುಂದೆ ಯಂತ್ರಗಳ ಪಟ್ಟಿ ಇಡಬೇಡ. ಯಾರನ್ನೂ ಗುರುತಿಸಲಾಗದ ಸ್ಥಿತಿಯಲ್ಲಿ ವಾರಗಟ್ಟಲೆ ಮಲಗಿರುವುದನ್ನು ಒಪ್ಪುವಿರಾ, ಇನ್ನಷ್ಟು ದಿನ ಬದುಕುವುದು ಮುಖ್ಯವೋ ನೋವಿಲ್ಲದಿರುವುದು ಮುಖ್ಯವೋ, ಕೊನೆಯ ದಿನಗಳನ್ನು ಎಲ್ಲಿ ಕಳೆಯಬಯಸುವಿರಿ ಎಂದು ಕೇಳು. ಸಿಪಿಆರ್ ವಿಷಯವನ್ನು ಮಾತ್ರ ಬಿಡಿಸಿ ಹೇಳು. 1960ರಲ್ಲಿ ವೈದ್ಯಲೋಕಕ್ಕೆ ಪರಿಚಯವಾದ, ಎದೆಯೊತ್ತಿ ರಕ್ತಸಂಚಾರ ನಡೆಸುವ ಆ ವಿಧಾನವು ಹಠಾತ್ತನೆ ಹೃದಯ ನಿಂತವರಿಗೆ ವರದಾನವಾದರೂ, ದೀರ್ಘ ಕಾಯಿಲೆಯಿಂದ ಬಸವಳಿದ ದೇಹದಲ್ಲಿ ಫಲಿಸುವುದು ಅಪರೂಪ, ಪಕ್ಕೆಲುಬು ಮುರಿಯುವುದು ಸಾಮಾನ್ಯ.

ಯಂತ್ರ ಬೇಡವೆಂದರೆ ಹೆತ್ತವರ ಕೈಬಿಟ್ಟಂತೆ ಎಂದು ಅಣ್ಣ ಬರೆದಿದ್ದಾನೆ. ಅವನ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನ ವೈದ್ಯೆ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ಎಂಬ, ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರವನ್ನು ತೆರೆದದ್ದೇ, ಗುಣವಾಗದವರಿಗೂ ಮಾಡಬೇಕಾದ ಆರೈಕೆ ಬಹಳವಿದೆ ಎಂಬ ನಂಬಿಕೆಯಿಂದ. ನೋವು, ಉಸಿರಾಟದ ತೊಂದರೆ, ಭಯ, ಇವೆಲ್ಲಕ್ಕೂ ಉಪಶಮನ ಆರೈಕೆಯಲ್ಲಿ ಚಿಕಿತ್ಸೆ ಕೊನೆಯವರೆಗೂ ಮುಂದುವರಿಯುತ್ತದೆ.

ಚಿಕ್ಕಪ್ಪನವರು ಹೇಳಿದ್ದನ್ನು ಬರೆದು, ಕಾನೂನು ಕೇಳುವಂತೆ ಸಾಕ್ಷಿಗಳ ಸಹಿ ಹಾಕಿಸಿ, ಪ್ರತಿಯನ್ನು ವೈದ್ಯರಿಗೂ ಕೊಡೋಣ. ಮನಸ್ಸು ಬದಲಾದರೆ ತಿದ್ದಬಹುದು. ತಮಗೆ ಪ್ರಜ್ಞೆಯಿಲ್ಲದಾಗ ತಮ್ಮ ಪರವಾಗಿ ಮಾತನಾಡುವವರು ಯಾರೆಂಬುದನ್ನೂ ಅವರೇ ಹೆಸರಿಸಲಿ. ಅದು ಹಿರಿಯ ಮಗನೇ ಆಗಬೇಕಿಲ್ಲ, ತನ್ನ ಆಸೆಯನ್ನು ಬದಿಗಿಟ್ಟು ಅವರ ಮಾತನ್ನು ನಡೆಸುವ ಗಟ್ಟಿ ಮನಸ್ಸಿನವರಾದರೆ ಸಾಕು.

ಭಾನುವಾರ ನಾನೂ ಬಂದು ನಿನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ. ಮೊದಲು ನನ್ನ ಕೊನೆಗಾಲದ ಇಚ್ಛೆಯನ್ನೇ ಅವರಿಗೆ ಹೇಳುತ್ತೇನೆ, ಅನಂತರ ನೀನು ಕೇಳು.